ಆಸ್ಪತ್ರೆಯ ಬಿಲ್ಲು ಕಟ್ಟಿದ ಮೇಲೆ



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಯ ಕಡತಗಳನ್ನು ನೋಡಿಕೊಳ್ಳುವ ಕೆಲಸ ನಿವೃತ್ತಿಯ ನಂತರ ನನ್ನ ಪಾಲಿಗೆ ಬಂದಿದೆ. ಮೊದಲು ಅರ್ಜಿ, ಜೊತೆಗೆ ವೈದ್ಯರ ಅಂದಾಜು ಪತ್ರ, ಆಮೇಲೆ ಆಸ್ಪತ್ರೆಯ ಹೆಸರಿಗೆ ಚೆಕ್ಕು, ಕೊನೆಗೆ ರಸೀದಿ. ರಸೀದಿ ಕಡತಕ್ಕೆ ಸೇರಿತೆಂದರೆ ಪ್ರಕರಣ ಮುಕ್ತಾಯ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ಕಡತ ಮುಚ್ಚಿದವನು ನಾನು. ಆದರೆ ಕಳೆದ ಮಳೆಗಾಲದಲ್ಲಿ ಮುಚ್ಚಿದ ಒಂದು ಕಡತ ನನ್ನ ಮನಸ್ಸಿನಲ್ಲಿ ಇನ್ನೂ ಮುಚ್ಚಿಲ್ಲ.

ವಿಜಯಪುರ ಜಿಲ್ಲೆಯಿಂದ ಬಂದು ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಹುಡುಗ. ರಾತ್ರಿ ಪಾಳಿ ಮುಗಿಸಿ ದ್ವಿಚಕ್ರ ವಾಹನದಲ್ಲಿ ಮನೆಗೆ ಬರುವಾಗ ಟ್ರಕ್ಕಿಗೆ ಸಿಕ್ಕು ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ನೀವೆಲ್ಲ ಕೊಟ್ಟ ಹಣದಿಂದ ಶಸ್ತ್ರಚಿಕಿತ್ಸೆಯ ಬಿಲ್ಲಿನ ದೊಡ್ಡ ಭಾಗ ತೀರಿತು. ನಾಲ್ಕು ತಿಂಗಳ ನಂತರ ಉಳಿದ ಕಾಗದಪತ್ರ ತರಲು ಅವರ ಮನೆಗೆ ಹೋದೆ. ಹುಡುಗ ಕಿಟಕಿಯ ಬಳಿ ಮಂಚದ ಮೇಲೆ ಕುಳಿತಿದ್ದ. ಅವನ ತಾಯಿ ಕೈಮುಗಿದು, "ಜೀವ ಉಳಿಸಿದ್ರಿ, ಅಷ್ಟ ಸಾಕ್ರಿ" ಎಂದರು. ಹುಡುಗ ಮಾತ್ರ, "ಕಾಕಾ, ಇನ್ನ ನಾ ಏನ ಮಾಡ್ಲಿ?" ಎಂದು ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ.

ಆ ಉತ್ತರವನ್ನು ಹುಡುಕಲು ಹೋಗಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಾನು ವೈದ್ಯನಲ್ಲ, ವಕೀಲನಲ್ಲ, ಬಿ.ಕಾಂ. ಓದಿ ಲೆಕ್ಕ ಬರೆದವನು. ಆದ್ದರಿಂದ ಲೆಕ್ಕದವನು ಹೇಳುವ ಹಾಗೆಯೇ, ಒಂದೊಂದಾಗಿ ಹೇಳುತ್ತೇನೆ.

ಕೊರತೆ ಎಲ್ಲಿದೆ?

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಂಗವೈಕಲ್ಯ ಉಳ್ಳವರು 2.68 ಕೋಟಿ. ಮಹಾರಾಷ್ಟ್ರದಲ್ಲಿ 29 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಇವರಲ್ಲಿ ದುಡಿಮೆಯಲ್ಲಿದ್ದವರು ನೂರಕ್ಕೆ 36 ಮಂದಿ ಮಾತ್ರ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅಂಗವೈಕಲ್ಯವನ್ನು ವಿವರಿಸುವ ರೀತಿ ನನಗೆ ಹಿಡಿಸಿತು. ದೇಹದಲ್ಲೋ ಮನಸ್ಸಿನಲ್ಲೋ ದೀರ್ಘಕಾಲದ ಒಂದು ಕೊರತೆ ಇರುತ್ತದೆ. ಅದು ಹೊರಗಿನ ಅಡೆತಡೆಗಳೊಂದಿಗೆ ಸೇರಿದಾಗ ಆ ವ್ಯಕ್ತಿ ಎಲ್ಲರಂತೆ ಸಮಾಜದಲ್ಲಿ ಪಾಲ್ಗೊಳ್ಳಲಾರದಂತಾಗುತ್ತದೆ ಎಂಬುದು ಅದರ ಸಾರ. ಅಂದರೆ ಲೆಕ್ಕದಲ್ಲಿ ಎರಡು ಬಾಬುಗಳಿವೆ. ಒಂದು ಕಾಲು ಇಲ್ಲದಿರುವುದು, ಇನ್ನೊಂದು ಮೆಟ್ಟಿಲು ಇರುವುದು. ಮೊದಲನೆಯದಕ್ಕೆ ವೈದ್ಯರು ಬೇಕು. ಎರಡನೆಯದಕ್ಕೆ ನಾವು ನೀವು ಸಾಕು. ನಮ್ಮ ನಿಧಿ ಇಷ್ಟು ವರ್ಷ ಮೊದಲ ಬಾಬಿಗೆ ಮಾತ್ರ ಹಣ ಕೊಟ್ಟಿದೆ.

1995ರ ಹಳೆಯ ಕಾಯಿದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಹೊಸದರಲ್ಲಿ 21 ಇವೆ. ಥಲಸ್ಸೀಮಿಯಾ, ಹಿಮೊಫಿಲಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್ಸ್, ಆಟಿಸಂ, ಕಲಿಕೆಯ ತೊಂದರೆ, ಆಸಿಡ್ ದಾಳಿಗೆ ಒಳಗಾದವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಪದೇ ಪದೇ ರಕ್ತ ಕೊಡಿಸಬೇಕಾದ ಮಗುವಿನ ತಂದೆತಾಯಿಗೆ ತಮ್ಮ ಮಗುವಿಗೂ ಈ ಕಾಯಿದೆ ಅನ್ವಯಿಸುತ್ತದೆ ಎಂಬುದು ಅನೇಕ ಸಲ ಗೊತ್ತೇ ಇರುವುದಿಲ್ಲ.

ಮೊದಲ ಆರು ತಿಂಗಳು

ಕಾಲು ಕಳೆದುಕೊಂಡವರಿಗೆ ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳು ಬಹಳ ಮುಖ್ಯ. ಗಾಯ ಮಾಗಿ, ಊತ ಇಳಿದು, ಉಳಿದ ಭಾಗ ಒಂದು ಆಕಾರಕ್ಕೆ ಬಂದ ಮೇಲೆಯೇ ಕೃತಕ ಕಾಲಿನ ಅಳತೆ ತೆಗೆಯುತ್ತಾರೆ. ಅದಕ್ಕಾಗಿ ಬಿಗಿಪಟ್ಟಿ ಕಟ್ಟುವುದನ್ನೂ ವ್ಯಾಯಾಮವನ್ನೂ ತಪ್ಪಿಸಬಾರದು. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಮಾಡುವ ಒಂದು ತಪ್ಪಿದೆ. ನೋವಾಗದಿರಲಿ ಎಂದು ಮೊಣಕಾಲಿನ ಕೆಳಗೆ ದಿಂಬು ಇಡುತ್ತೇವೆ. ಬಹಳ ದಿನ ಹಾಗೆ ಇಟ್ಟರೆ ಮೊಣಕಾಲು ಮಡಿಚಿಕೊಂಡೇ ಬಿಗಿಯುತ್ತದೆ, ಆಮೇಲೆ ಕೃತಕ ಕಾಲು ಹಾಕಿ ನಡೆಯುವುದು ಕಷ್ಟವಾಗುತ್ತದೆ. ನಮ್ಮ ಹುಡುಗನ ಮಂಚದ ಮೇಲೂ ಆ ದಿಂಬು ಇತ್ತು. ಫಿಸಿಯೊಥೆರಪಿ ಎರಡೇ ವಾರಕ್ಕೆ ನಿಂತಿತ್ತು, ಏಕೆಂದರೆ ಆಟೋ ಖರ್ಚಿಗೆ ದುಡ್ಡಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಅಷ್ಟು ದೊಡ್ಡ ಮೊತ್ತ ಕೊಟ್ಟ ನಾವು ಆಟೋ ಬಾಡಿಗೆಯ ವಿಷಯ ಕೇಳಿರಲೇ ಇಲ್ಲ.

ಪುಣೆಯಲ್ಲಿರುವ ನಾವು ಒಂದು ದೃಷ್ಟಿಯಿಂದ ಅದೃಷ್ಟವಂತರು. ಸೈನ್ಯದ ಕೃತಕ ಅಂಗ ಕೇಂದ್ರ, ಅಂದರೆ ಆರ್ಟಿಫಿಶಿಯಲ್ ಲಿಂಬ್ ಸೆಂಟರ್, 1944ರಿಂದ ಈ ಊರಿನಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ ಆರಂಭವಾದ ಇದು ಈಗ ನಾಗರಿಕರಿಗೂ ಸೇವೆ ಕೊಡುತ್ತದೆ. 1968ರ ಸುಮಾರಿಗೆ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರೂಪಿಸಿದ ಜೈಪುರ ಕಾಲಿನ ಹೆಸರನ್ನು ನೀವು ಕೇಳಿರುತ್ತೀರಿ. ಅದನ್ನು ಹಾಕಿಕೊಂಡು ಬರಿಗಾಲಿನಲ್ಲಿ ನಡೆಯಬಹುದು, ಕುಕ್ಕರುಗಾಲಿನಲ್ಲಿ ಕೂರಬಹುದು, ಹೊಲದ ಕೆಸರಿನಲ್ಲೂ ಓಡಾಡಬಹುದು. ನಮ್ಮ ಜನರ ಬದುಕಿನ ರೀತಿ ನೋಡಿಯೇ ಮಾಡಿದ ಕಾಲು ಅದು. ಕೃತಕ ಕಾಲು ಒಮ್ಮೆ ಕೊಂಡರೆ ಮುಗಿಯುವ ಖರ್ಚೂ ಅಲ್ಲ. ಅದು ಸವೆಯುತ್ತದೆ, ಬದಲಿಸಬೇಕು. ಬೆಳೆಯುವ ಮಕ್ಕಳಿಗಂತೂ ಮತ್ತೆ ಮತ್ತೆ ಹೊಸದು ಬೇಕು.

ಬೆನ್ನುಹುರಿಗೆ ಪೆಟ್ಟಾದವರ ವಿಷಯ ಬೇರೆ. ಆಸ್ಪತ್ರೆಯ ವರಾಂಡದಲ್ಲಿ ಇರುವಂಥ ಗಾಲಿಕುರ್ಚಿ ದಿನವಿಡೀ ಕೂರುವುದಕ್ಕೆ ಹೊಂದುವುದಿಲ್ಲ. ಕುರ್ಚಿ ದೇಹದ ಅಳತೆಗೆ ಸರಿಯಾಗಿರಬೇಕು, ಮೆತ್ತೆ ಇರಬೇಕು, ಆಗಾಗ ಭಾರ ಬದಲಿಸುವ ಅಭ್ಯಾಸವನ್ನು ಕಲಿಸಬೇಕು. ಇಲ್ಲವಾದರೆ ಒತ್ತಡದ ಹುಣ್ಣುಗಳಾಗಿ ಮತ್ತೆ ಆಸ್ಪತ್ರೆ ಸೇರಬೇಕಾಗುತ್ತದೆ. ಸರಿಯಾದ ಕುರ್ಚಿ ಮತ್ತು ಮೆತ್ತೆಗೆ ಹಣ ಕೊಡುವುದು ಮುಂದಿನ ಆಸ್ಪತ್ರೆ ಬಿಲ್ಲನ್ನು ತಪ್ಪಿಸಿದಂತೆ.

ಒಂದು ಗುರುತಿನ ಚೀಟಿ

ಯಾವ ಸೌಲಭ್ಯಕ್ಕೆ ಹೋದರೂ ಮೊದಲು ಕೇಳುವುದು ಅಂಗವೈಕಲ್ಯ ಪ್ರಮಾಣ ಪತ್ರವನ್ನು. 2021ರ ಜೂನ್ 1ರಿಂದ ಈ ಪತ್ರ ಯುಡಿಐಡಿ ವ್ಯವಸ್ಥೆಯ ಮೂಲಕವೇ ಸಿಗುತ್ತದೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ನಂತರ ಸೂಚಿತ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಹೋಗಬೇಕು. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ವೈಕಲ್ಯ ಎಂದು ವೈದ್ಯರು ಬರೆದಿರಬೇಕು.

ನಮ್ಮ ಜನ ಇಲ್ಲೇ ಎಡವುತ್ತಾರೆ. ಆಧಾರ್ ಊರಿನ ವಿಳಾಸದ್ದು, ವಾಸ ಪುಣೆಯದ್ದು. "ಊರಿಗೆ ಹೋದಾಗ ಮಾಡಿಸಿದರಾಯಿತು" ಎಂದುಕೊಳ್ಳುತ್ತಲೇ ವರ್ಷಗಳು ಕಳೆಯುತ್ತವೆ. ವಾಸದ ಜಿಲ್ಲೆಯಲ್ಲಿ, ಇಲ್ಲವೇ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲಿ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶವಿದೆ. ಒಮ್ಮೆ ಸಿಕ್ಕ ಪ್ರಮಾಣ ಪತ್ರ ದೇಶದಾದ್ಯಂತ ಮಾನ್ಯ. ಬಾಗಲಕೋಟೆಯಲ್ಲಿ ಪಡೆದದ್ದು ಪುಣೆಯಲ್ಲೂ ನಡೆಯುತ್ತದೆ. ಆದರೆ ರಾಜ್ಯ ಸರ್ಕಾರದ ಮಾಸಾಶನಕ್ಕೆ ಆ ರಾಜ್ಯದಲ್ಲಿ ವಾಸವಿರುವ ದಾಖಲೆ ಬೇರೆಯಾಗಿ ಬೇಕು. ಎರಡೂ ಒಂದೇ ಎಂದು ತಿಳಿದು ಸುಮ್ಮನಾಗಬೇಡಿ.

ನಿಮ್ಮದೇ ಆದ ಹಣ

ಬ್ಯಾಂಕಿನವನಾದ್ದರಿಂದ ಹುಡುಗನ ಹಳೆಯ ಸಂಬಳದ ಚೀಟಿ ತೋರಿಸಲು ಹೇಳಿದೆ. ಅದರಲ್ಲಿ ಪ್ರತಿ ತಿಂಗಳೂ ಇಎಸ್‌ಐ ಕಡಿತ ಇತ್ತು. ಮನೆಯವರಿಗೆ ಅದು ಏನೆಂದೇ ತಿಳಿದಿರಲಿಲ್ಲ. ಅಪಘಾತದ ರಾತ್ರಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ದರು, ಆಮೇಲೆ ಸಂಘದ ಬಾಗಿಲಿಗೆ ಬಂದರು.

ಇಎಸ್‌ಐ ವಿಮೆ ಇರುವ ನೌಕರನಿಗೆ ಕೆಲಸದಿಂದ ಉಂಟಾದ ಗಾಯದಿಂದ ಕಾಯಂ ಅಂಗವೈಕಲ್ಯ ಬಂದರೆ, ವೈದ್ಯಕೀಯ ಮಂಡಳಿ ನಿರ್ಧರಿಸುವ ದುಡಿಮೆಯ ನಷ್ಟಕ್ಕೆ ತಕ್ಕಂತೆ ಜೀವನಪರ್ಯಂತ ಮಾಸಿಕ ಹಣ ಸಿಗುತ್ತದೆ. ಕೆಲಸಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಮನೆಗೆ ಬರುವಾಗ ಆದ ಅಪಘಾತವನ್ನೂ ಷರತ್ತುಗಳಿಗೆ ಒಳಪಟ್ಟು 2010ರಿಂದ ಇದರಲ್ಲಿ ಸೇರಿಸಿದ್ದಾರೆ. ಕೃತಕ ಕಾಲನ್ನೂ ಇಎಸ್‌ಐ ಕೊಡುತ್ತದೆ. ಇದು ಯಾರ ಔದಾರ್ಯವೂ ಅಲ್ಲ, ಅವನೇ ಕಟ್ಟಿದ ವಿಮೆ.

ರಸ್ತೆ ಅಪಘಾತವಾದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಪರಿಹಾರಕ್ಕಾಗಿ ಹೋಗಬಹುದು. 2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯಲ್ಲಿ ಇದಕ್ಕೆ ಆರು ತಿಂಗಳ ಗಡುವು ಇದೆ. ಆದ್ದರಿಂದ ಆಸ್ಪತ್ರೆಯಲ್ಲಿರುವಾಗಲೇ ಎಫ್‌ಐಆರ್ ಪ್ರತಿ ಮತ್ತು ಡಿಸ್ಚಾರ್ಜ್ ಪತ್ರವನ್ನು ಜೋಪಾನ ಮಾಡಿ, ವಕೀಲರನ್ನು ಬೇಗ ಕಾಣಬೇಕು.

ತೆರಿಗೆ ಕಟ್ಟುವವರಿಗೆ ಒಂದು ಮಾತು. ಅಂಗವೈಕಲ್ಯವುಳ್ಳ ಅವಲಂಬಿತರನ್ನು ನೋಡಿಕೊಳ್ಳುವವರಿಗೆ, ನಾವೆಲ್ಲ 80ಡಿಡಿ ಎಂದು ಬಲ್ಲ ರಿಯಾಯಿತಿಯಲ್ಲಿ 75,000 ರೂಪಾಯಿ, ವೈಕಲ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಸ್ವತಃ ವೈಕಲ್ಯ ಉಳ್ಳವರಿಗೆ 80ಯು ಅಡಿಯಲ್ಲಿ ಇಷ್ಟೇ ರಿಯಾಯಿತಿ. ಇದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ.

ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವೈಕಲ್ಯ ಇರುವ ಮಕ್ಕಳ ತಂದೆತಾಯಿಗೆ "ನಮ್ಮ ನಂತರ ಯಾರು?" ಎಂಬ ಚಿಂತೆ ಇರುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ, ಮಗುವಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಲು ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇದೆ. ಇದೇ ನ್ಯಾಸದ ನಿರಾಮಯ ಆರೋಗ್ಯ ವಿಮೆಯಲ್ಲಿ ಈ ನಾಲ್ಕು ಬಗೆಯವರಿಗೆ ಪೂರ್ವ ತಪಾಸಣೆ ಇಲ್ಲದೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಸಿಗುತ್ತದೆ. ನನ್ನಂಥ ಬ್ಯಾಂಕ್ ಪಿಂಚಣಿದಾರರು ಮತ್ತು ಸರ್ಕಾರಿ ಪಿಂಚಣಿದಾರರು ಇನ್ನೊಂದು ಕೆಲಸ ಮಾಡಬೇಕು. ದುಡಿದು ಬದುಕಲಾರದಷ್ಟು ವೈಕಲ್ಯವುಳ್ಳ ಮಗ ಅಥವಾ ಮಗಳಿಗೆ ಕುಟುಂಬ ಪಿಂಚಣಿ ಜೀವನಪರ್ಯಂತ ಸಿಗುವ ಅವಕಾಶ ನಿಯಮದಲ್ಲಿದೆ. ನೀವು ಇರುವಾಗಲೇ ಆ ಹೆಸರನ್ನು ದಾಖಲೆಯಲ್ಲಿ ಸೇರಿಸಿಡಿ. ನಂತರ ಓಡಾಡಬೇಕಾದವರು ಆ ಮಗುವೇ ಆಗಿರುತ್ತಾರೆ.

ನಾನು ಮಾಡಿದ ಒಂದು ತಪ್ಪು

ಇಷ್ಟೆಲ್ಲ ಉಪದೇಶ ಮಾಡುವವನು ತನ್ನ ಖಾತೆಯನ್ನೂ ತೋರಿಸಬೇಕು. ತೊಂಬತ್ತರ ದಶಕದಲ್ಲಿ ನಾನಿದ್ದ ಶಾಖೆಯಲ್ಲಿ ಕಣ್ಣು ಕಾಣದ ಒಬ್ಬ ಗ್ರಾಹಕರಿದ್ದರು. ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಚೆಕ್ ಪುಸ್ತಕ ಕೇಳಿದರು. ನಾನು ಕೊಡಲಿಲ್ಲ. ಹಣ ತೆಗೆಯಲು ಪ್ರತಿ ಸಲ ಸಾಕ್ಷಿ ಕರೆತರಬೇಕೆಂದೆ. ಅವರು ನೆರೆಮನೆಯ ಹುಡುಗನನ್ನು ಕರೆತರುತ್ತಿದ್ದರು, ಆ ಹುಡುಗ ಕೌಂಟರಿನಲ್ಲಿ ಎಲ್ಲರಿಗೂ ಕೇಳುವಂತೆ ಅವರ ಖಾತೆಯ ಶಿಲ್ಕನ್ನು ಓದುತ್ತಿದ್ದ. ಒಂದು ದಿನ ಅವರು ಹೇಳಿದರು: "ಸಾಹೇಬ್ರೇ, ನನಗೆ ಕಣ್ಣಿಲ್ಲ ನಿಜ. ಆದರೆ ಲೆಕ್ಕ ಬರುತ್ತದೆ." ನಾನು ನಿಯಮದ ಮಾತು ಹೇಳಿ ಕಳಿಸಿದೆ. ಅವರಿಗೆ ಮೋಸವಾಗದಿರಲಿ ಎಂಬುದೇ ನನ್ನ ಉದ್ದೇಶ ಎಂದು ಆಗ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ.

2008ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಸ್ಪಷ್ಟ ಸೂಚನೆ ಕೊಟ್ಟಿತು. ದೃಷ್ಟಿ ಇಲ್ಲದವರಿಗೂ ಚೆಕ್ ಪುಸ್ತಕ, ಎಟಿಎಂ, ಲಾಕರ್, ಸಾಲ, ಇಂಟರ್ನೆಟ್ ಬ್ಯಾಂಕಿಂಗ್ ಯಾವುದನ್ನೂ ನಿರಾಕರಿಸುವಂತಿಲ್ಲ ಎಂದಿತು. 2016ರ ಕಾಯಿದೆ ಆಸ್ತಿ ಹೊಂದುವ, ತಮ್ಮ ಹಣವನ್ನು ತಾವೇ ನಿರ್ವಹಿಸುವ, ಬ್ಯಾಂಕ್ ಸಾಲ ಪಡೆಯುವ ಹಕ್ಕನ್ನೂ ಖಚಿತಪಡಿಸಿತು. ಆ ಸುತ್ತೋಲೆಗೆ ಸಹಿ ಹಾಕಿ ಸಿಬ್ಬಂದಿಗೆ ಓದಿ ಹೇಳಿದ ದಿನ ಆ ಗ್ರಾಹಕರ ಮಾತು ನೆನಪಾಯಿತು. ಕರುಣೆಯ ಹೆಸರಿನಲ್ಲಿ ನಾನು ಅವರ ಬಾಗಿಲು ಮುಚ್ಚಿದ್ದೆ.

ಕೆಲಸ ಸಿಕ್ಕರೆ

ನಮ್ಮದೇ ಬ್ಯಾಂಕ್ ವೃತ್ತಿಯ ಒಬ್ಬರ ಉದಾಹರಣೆ ನೋಡಿ. ಬೆಂಗಳೂರಿನ ಮಾಲತಿ ಹೊಳ್ಳ ಅವರಿಗೆ ಒಂದು ವರ್ಷದ ಮಗುವಾಗಿದ್ದಾಗಲೇ ಪೋಲಿಯೊ ತಗುಲಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಅವರು ಸಿಂಡಿಕೇಟ್ ಬ್ಯಾಂಕಿನಲ್ಲಿ ದುಡಿದು ಮ್ಯಾನೇಜರ್ ಆದರು. ಕ್ರೀಡೆಯಲ್ಲಿ 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ಮಾತೃ ಫೌಂಡೇಶನ್ ಕಟ್ಟಿದರು. ಪದಕಗಳನ್ನು ಎಲ್ಲರೂ ಹೊಗಳುತ್ತಾರೆ. ತಿಂಗಳ ಸಂಬಳ ತರುವ ಒಂದು ಕುರ್ಚಿ ಅವರಿಗಿತ್ತು ಎಂಬುದೂ ನನಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ.

ಇನ್ನೊಂದು ಹೆಸರು ನಮ್ಮ ಪುಣೆಯದು. 1965ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗಿನ ಶಕ್ತಿ ಕಳೆದುಕೊಂಡ ಸೈನಿಕ ಮುರಳಿಕಾಂತ ಪೇಟ್ಕರ್. ಚಿಕಿತ್ಸೆಯ ಭಾಗವಾಗಿ ಈಜಲು ಆರಂಭಿಸಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಕ್ರಿಕೆಟಿಗ ವಿಜಯ್ ಮರ್ಚೆಂಟ್ ನಡೆಸುತ್ತಿದ್ದ ಸೇವಾ ಸಂಸ್ಥೆ ಅವರ ಪ್ರಯಾಣದ ಟಿಕೆಟ್ಟಿಗೆ ಹಣ ಕೊಟ್ಟಿತ್ತು. ಮುಂದೆ ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಪದ್ಮಶ್ರೀ ಬಂದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಚಿನ್ನ ಗೆದ್ದು 46 ವರ್ಷಗಳಾಗಿದ್ದವು. ನಡುವಿನ ಬದುಕನ್ನು ನಡೆಸಲು ನೆರವಾದದ್ದು ಪ್ರಶಸ್ತಿಯಲ್ಲ, ಉದ್ಯೋಗ.

ನಮ್ಮ ಗದಗವನ್ನಂತೂ ಮರೆಯುವಂತಿಲ್ಲ. ಸ್ವತಃ ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನದ ಜೊತೆಗೆ ಸಂಗೀತ ಕೊಟ್ಟರು. 1944ರಲ್ಲಿ ಅವರು ಹೋದ ಮೇಲೆ ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಅಲ್ಲಿ ಕಲಿತವರು ಗಾಯಕರಾಗಿ, ತಬಲಾ ವಾದಕರಾಗಿ, ಸಂಗೀತ ಶಿಕ್ಷಕರಾಗಿ ತಮ್ಮ ಮನೆ ನಡೆಸಿದರು. ಬರೀ ಅನ್ನ ಹಾಕಿದ್ದರೆ ಅದು ಅನ್ನಛತ್ರವಾಗುತ್ತಿತ್ತು. ವಿದ್ಯೆ ಕೊಟ್ಟದ್ದರಿಂದ ಅದು ಗುರುಕುಲವಾಯಿತು.

ಕೆಲಸದ ವಿಷಯದಲ್ಲಿ ಕಾಯಿದೆ ಏನು ಹೇಳುತ್ತದೆ? ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಮೀಸಲಾತಿ. ಸರ್ಕಾರಿ ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಕೆಲಸಕ್ಕೆ ಬದಲಾಯಿಸಬೇಕು. ಖಾಸಗಿ ಸಂಸ್ಥೆಗಳಿಗೆ ಇಷ್ಟು ಕಡ್ಡಾಯವಿಲ್ಲ, ಆದರೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಮುಖ್ಯವಾದ ಮಾತು "ಯುಕ್ತ ಹೊಂದಾಣಿಕೆ" ಎಂಬುದು. ಮಾಲೀಕರಿಗೆ ವಿಪರೀತ ಹೊರೆಯಾಗದಂತೆ ಕೆಲಸದ ರೀತಿಯನ್ನು ಸ್ವಲ್ಪ ಬದಲಿಸಿಕೊಡುವುದು. ನಿಲ್ಲುವವನಿಗೆ ಒಂದು ಸ್ಟೂಲು, ಕಿವಿ ಕೇಳದವನಿಗೆ ಬರೆದು ಕೊಟ್ಟ ಸೂಚನೆ, ಕಣ್ಣು ಕಾಣದವನಿಗೆ ಮಾತಾಡುವ ಕಂಪ್ಯೂಟರ್ ತಂತ್ರಾಂಶ. ಇವುಗಳಲ್ಲಿ ಹೆಚ್ಚಿನವು ಒಂದು ಹಬ್ಬದ ಊಟದ ಖರ್ಚಿಗಿಂತ ಕಡಿಮೆ.

ಆರು ಇಂಚಿನ ಮೆಟ್ಟಿಲು

ಹುಡುಗನ ಕಟ್ಟಡದ ಬಾಗಿಲಲ್ಲಿ ಒಂದೇ ಒಂದು ಮೆಟ್ಟಿಲಿದೆ, ಎತ್ತರ ಆರು ಇಂಚು. ಊರುಗೋಲಿನಲ್ಲಿ ಮಳೆಗಾಲದಲ್ಲಿ ಅದನ್ನು ಇಳಿಯಲು ಹೆದರಿ ಅವನು ತಿಂಗಳುಗಟ್ಟಲೆ ಹೊರಗೆ ಬಂದಿಲ್ಲ. ಇಳಿಜಾರು ದಾರಿಗೆ ಒಪ್ಪಿತವಾದ ಲೆಕ್ಕ ಒಂದಕ್ಕೆ ಹನ್ನೆರಡು. ಆರು ಇಂಚು ಏರಲು ಆರು ಅಡಿ ಉದ್ದ ಬೇಕು, ಜೊತೆಗೆ ಹಿಡಿದುಕೊಳ್ಳಲು ಕಂಬಿ. ಕಡಿದಾಗಿ ಕಟ್ಟಿದರೆ ಗಾಲಿಕುರ್ಚಿ ಹಿಂದಕ್ಕೆ ಉರುಳುತ್ತದೆ. ನಿಮ್ಮ ಸೊಸಾಯಿಟಿಯ ಮುಂದಿನ ಸಭೆಯಲ್ಲಿ ದಯವಿಟ್ಟು ಈ ವಿಷಯ ಎತ್ತಿ. ಇಂದು ಅದು ಬೇರೆಯವರ ಮಗನಿಗೆ, ನಾಳೆ ನಮ್ಮದೇ ಮೊಣಕಾಲಿಗೆ ಬೇಕಾಗುತ್ತದೆ. ನಮ್ಮ ರಾಜ್ಯೋತ್ಸವದ ವೇದಿಕೆಗೂ ಹತ್ತಲು ಮೆಟ್ಟಿಲು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ ಎಂಬುದನ್ನು ನಾನು ಇಷ್ಟು ವರ್ಷ ಗಮನಿಸಿರಲೇ ಇಲ್ಲ.

ನಿಮ್ಮಲ್ಲಿ ವಿನಂತಿ

ಸಮಿತಿಯ ಮುಂದೆ ಒಂದು ಪ್ರಸ್ತಾವ ಇಟ್ಟಿದ್ದೇನೆ. ಇನ್ನು ಮುಂದೆ ನಮ್ಮ ನೆರವಿನ ಒಂದು ಭಾಗ ಆಸ್ಪತ್ರೆಯ ನಂತರದ ಖರ್ಚಿಗೆ ಮೀಸಲಾಗಲಿ. ಫಿಸಿಯೊಥೆರಪಿಯ ಓಡಾಟ, ಸರಿಯಾದ ಗಾಲಿಕುರ್ಚಿ, ಕೃತಕ ಅಂಗದ ದುರಸ್ತಿ, ಶ್ರವಣ ಯಂತ್ರ, ಕಂಪ್ಯೂಟರ್ ತರಬೇತಿ ಇವುಗಳಿಗೆ. ಚೆಕ್ಕು ಕೊಟ್ಟ ಆರು ತಿಂಗಳಿಗೊಮ್ಮೆ ನಮ್ಮಲ್ಲೊಬ್ಬರು ಆ ಮನೆಗೆ ಹೋಗಿ ಬರಲಿ. ಅಲ್ಲಿಯವರೆಗೆ ಕಡತ ಮುಚ್ಚಬಾರದು.

ಹಣ ಕೊಡುವವರಿಗೆ ಕೃತಜ್ಞತೆಗಳು. ಹಣವಿಲ್ಲದವರು ಕೊಡಬಹುದಾದದ್ದೂ ಬಹಳ ಇದೆ. ಮರಾಠಿ ಚೆನ್ನಾಗಿ ಬಲ್ಲವರು ಆಸ್ಪತ್ರೆಗೆ, ತಹಸೀಲು ಕಚೇರಿಗೆ ಜೊತೆಯಾಗಿ ಹೋಗಬಹುದು. ಕಂಪ್ಯೂಟರ್ ಬಲ್ಲ ಯುವಕರು ಭಾನುವಾರ ಒಂದು ಗಂಟೆ ಕುಳಿತು ಯುಡಿಐಡಿ ಅರ್ಜಿ ತುಂಬಿಕೊಡಬಹುದು. ನನ್ನಂಥ ನಿವೃತ್ತರು ಸಂಬಳದ ಚೀಟಿ, ವಿಮೆ, ಪಾಸ್‌ಬುಕ್ಕು ಓದಿ ಹೇಳಬಹುದು. ನಮ್ಮಲ್ಲಿ ಹೋಟೆಲು ನಡೆಸುವವರಿದ್ದಾರೆ, ಭೋಸರಿ ಚಾಕಣಗಳಲ್ಲಿ ಕಾರ್ಖಾನೆ ಇಟ್ಟವರಿದ್ದಾರೆ. ಅವರಲ್ಲಿ ಒಂದೇ ಮಾತು ಕೇಳುತ್ತೇನೆ. ಗಲ್ಲಾದಲ್ಲಿ, ಸ್ಟೋರಿನಲ್ಲಿ, ಪ್ಯಾಕಿಂಗ್ ಮೇಜಿನ ಬಳಿ ಕುಳಿತು ಮಾಡುವ ಕೆಲಸ ಖಾಲಿಯಾದಾಗ ಸಂಘಕ್ಕೊಂದು ಫೋನು ಮಾಡಿ. ಕೆಲಸ ಕೊಡಿ ಎಂದು ಒತ್ತಾಯಿಸುವುದಿಲ್ಲ, ಸಂದರ್ಶನಕ್ಕೆ ಕರೆಯಿರಿ ಸಾಕು.

ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಇಎಸ್‌ಐ ಅರ್ಜಿ ಹೋಗಿದೆ, ಇನ್ನೂ ಮಂಜೂರಾಗಿಲ್ಲ. ಫಿಸಿಯೊಥೆರಪಿ ಮತ್ತೆ ಶುರುವಾಗಿದೆ, ಮೊಣಕಾಲು ನಿಧಾನವಾಗಿ ನೇರವಾಗುತ್ತಿದೆ. ಕಾಲಿನ ಅಳತೆ ಮುಂದಿನ ತಿಂಗಳು. ಅವನ ಹಳೆಯ ಮಾಲೀಕರನ್ನು ಹೋಗಿ ಕಂಡೆ. ಲೇಥ್ ಯಂತ್ರ ಸದ್ಯಕ್ಕೆ ಬೇಡ, ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಮೇಜಿನಲ್ಲಿ ಕೂರಿಸಿ ನೋಡೋಣ ಎಂದಿದ್ದಾರೆ. ಅದನ್ನು ಹೇಳಿದಾಗ ಹುಡುಗ ತನ್ನ ಹಳೆಯ ಮೈಕ್ರೋಮೀಟರನ್ನು ಟ್ರಂಕಿನಿಂದ ತೆಗೆಸಿ ಒರೆಸತೊಡಗಿದ.